ತಮ್ಮನ ಚಪ್ಪಲಿ

“ಗುರುಗಳೇ, ಬೀಡಿ ಬಿಡಬೇಕೆಂಬ ಆಸೆ ಹರೆಯದವರಿಗೂ ಇರುತ್ತದೆ. ಬಿಡಿಸಬಲ್ಲವರೂ ಊರಲ್ಲಿದ್ದಾರೆ. ಆದರೂ ಅವರ ಬಳಿಗೆ ಯಾಕೆ ಹೋಗುವುದಿಲ್ಲ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಪಣಕ್ಕಿದ್ದದ್ದು ಒಂದು ಗೋದಾಮಿನ ಬೀಗದ ಕೈ. ಒಬ್ಬ ಹತ್ತಿ ವ್ಯಾಪಾರಿಗೆ ಪ್ರಾಯಕ್ಕೆ ಬಂದ ಇಬ್ಬರು ಗಂಡುಮಕ್ಕಳು. ಇಬ್ಬರೂ ಬೀಡಿ ಸೇದುತ್ತಿದ್ದರು.

“ಬೆಂಕಿಪೊಟ್ಟಣ ಇಟ್ಟುಕೊಂಡವನನ್ನು ಹತ್ತಿಯ ಹತ್ತಿರ ಬಿಡುವುದಿಲ್ಲ. ದೀಪಾವಳಿಯೊಳಗೆ ಬೀಡಿ ಬಿಟ್ಟವನಿಗೆ ಬೀಗದ ಕೈ, ವ್ಯಾಪಾರವೂ ಅವನದೇ. ಇಬ್ಬರೂ ಬಿಟ್ಟರೆ ಇಬ್ಬರಿಗೂ ಪಾಲು” ಎಂದ ಅಪ್ಪ.

ಕಿರಿಯವನು ಮರುದಿನವೇ, ಬೀಡಿ ಬಿಡಿಸುವ ಊರ ವೈದ್ಯರ ಮನೆಗೆ ಹೋದ. ವಾರಕ್ಕೊಮ್ಮೆ ಹೋಗಿ ಕೂತು ಬರುವುದು ರೂಢಿಯಾಯಿತು.

“ಅಣ್ಣಾ, ನೀನೂ ಬಾ. ವೈದ್ಯರು ಬೈಯುವುದಿಲ್ಲ” ಎಂದ.

“ಒಂದು ಬೀಡಿ ಬಿಡೋಕೆ ವೈದ್ಯರು ಬೇಕೇನೋ? ಅಪ್ಪನ ಮುಂದೆ ಒಳ್ಳೆಯವನಾಗೋ ಆಟ ಇದು. ಮನಸ್ಸು ಮಾಡಿದರೆ ನಾನು ನಾಳೆಯೇ ಬಿಡ್ತೀನಿ.”

“ನಿನ್ನ ಆ ನಾಳೆ ಯಾವ ವಾರ ಬರುತ್ತೆ, ಹೇಳು.”

ಹಿರಿಯವನು ಮೂರು ಸಲ ಬಿಟ್ಟ, ಮೂರು ಸಲವೂ ಹಚ್ಚಿದ. ಅತ್ತ ತಮ್ಮನ ಕೆಮ್ಮು ನಿಂತಿತು. “ಚಿಕ್ಕವನ ಮುಖಕ್ಕೆ ಕಳೆ ಬಂತು” ಎಂದು ತಾಯಿ ಬಂದವರಿಗೆಲ್ಲ ಹೇಳತೊಡಗಿದಳು. ಆ ಮಾತು ಕೇಳಿದಾಗಲೆಲ್ಲ ಹಿರಿಯವನಿಗೆ ಅನ್ನ ಸೇರುತ್ತಿರಲಿಲ್ಲ. ಅವನಿಗೆ ಬೀಡಿಗಿಂತ ತಮ್ಮನೇ ಹೆಚ್ಚು ಸುಡುತ್ತಿದ್ದ.

ದೀಪಾವಳಿಗೆ ಇಪ್ಪತ್ತು ದಿನ ಇರುವಾಗ ಅವನು ಯಾರಿಗೂ ಹೇಳದೆ ವೈದ್ಯರ ಮನೆಗೆ ಹೊರಟ. ಬಾಗಿಲ ಬಳಿ ತಮ್ಮನ ಚಪ್ಪಲಿ ಇತ್ತು. ಒಳಗಿನಿಂದ ತಮ್ಮನ ನಗು ಕೇಳಿಸಿತು. ಈಗ ಒಳಗೆ ಹೋದರೆ ಅವನ ಪಕ್ಕದಲ್ಲಿ ಕೂರಬೇಕು. ತನ್ನ ಕೈಲಾಗಲಿಲ್ಲ ಎಂದು ಅವನೆದುರೇ ಹೇಳಬೇಕು. ಹಾಗೆಂದುಕೊಂಡು ಮೆಟ್ಟಿಲಿಂದಲೇ ತಿರುಗಿದ. ಪೇಟೆಯ ನಡುವೆ ನಿಂತು, ನಾಲ್ಕು ಜನ ನೋಡುವ ಹಾಗೆ, ಒಂದು ಬೀಡಿ ಹಚ್ಚಿದ.

ದೀಪಾವಳಿಯ ದಿನ ಅಪ್ಪ ಇಬ್ಬರ ಬೆರಳುಗಳನ್ನೂ ಮೂಸಿ ನೋಡಿದ. ಬೀಗದ ಕೈಯನ್ನು ಕಿರಿಯವನಿಗೆ ಕೊಟ್ಟ.

ಗುರು ಅಷ್ಟಕ್ಕೇ ನಿಲ್ಲಿಸಿದರು.

“ಹಾಗಾದರೆ ಹಿರಿಯವನಿಗೆ ಏನೂ ದಕ್ಕಲಿಲ್ಲವೇ?” ಎಂದ ಶಿಷ್ಯ.

“ದಕ್ಕಿತಲ್ಲ, ತಮ್ಮನೆದುರು ಕಾಪಾಡಿಕೊಂಡ ಮಾನ. ಅವನು ಬೀಡಿ ಸೇದುತ್ತಾನೆಂದು ಇಡೀ ಪೇಟೆಗೆ ಗೊತ್ತಿತ್ತು, ಬಿಡಲಾಗದೆ ವೈದ್ಯರ ಬಾಗಿಲಿಗೆ ಹೋಗಿದ್ದ ಎನ್ನುವುದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.”