ಸೀತಾಳೆ ಕುಡಿದ ನೀರು

"ಗುರುಗಳೇ, ನೀವು ನನಗೆ ಹೇಳಿಕೊಟ್ಟ ಹಾಗೆಯೇ ನಾನೂ ಹೇಳಿಕೊಡುತ್ತೇನೆ. ತಪ್ಪಿದರೆ ಗದರುತ್ತೇನೆ, ಸರಿಯಾದರೆ ಸುಮ್ಮನಿರುತ್ತೇನೆ. ಅದರಲ್ಲೇ ನಾನು ಬೆಳೆದೆ. ನನ್ನ ಹತ್ತಿರ ಬಂದವರು ಮಾತ್ರ ಯಾಕೆ ಬಾಡುತ್ತಾರೆ?" ಎಂದು ತ್ರಿವಿಕ್ರಮ ಕೇಳಿದ. ಅವನು ಸಂಗೀತ ಕಲಿಸಲು ಆರಂಭಿಸಿ ಬಹಳ ಕಾಲವಾಗಿರಲಿಲ್ಲ. ಇದ್ದವರಲ್ಲೇ ಒಳ್ಳೆಯ ಕಂಠದ ಹುಡುಗಿಯೊಬ್ಬಳು ಇನ್ನು ಬರುವುದಿಲ್ಲವೆಂದು ಅಂದು ಬೆಳಿಗ್ಗೆ ಹೇಳಿ ಕಳಿಸಿದ್ದಳು. ಅದು ಅವನ ಮನಸ್ಸನ್ನು ಕೊರೆಯುತ್ತಿತ್ತು.

ಗುರುಗಳು ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಂದೂರಲ್ಲಿ ಒಬ್ಬ ಅತ್ತೆ. ಒಳ್ಳೆಯವಳೇ, ಆದರೆ ಅವಳ ಮನೆಯ ಬಾವಿಯ ಸುದ್ದಿಗೆ ಯಾರಾದರೂ ಬಂದರೆ ಮುಗಿಯಿತು. ಅದನ್ನು ತೋಡಿಸಿದವರು ಅವಳ ಮಾವ. ಆ ನೀರಿಗೆ ಕಸುವಿದೆ, ಹೊಳೆನೀರಿನ ಹಾಗೆ ಸಪ್ಪೆಯಲ್ಲ ಎನ್ನುತ್ತ ಬಂದವರಿಗೆಲ್ಲ ಒಂದು ಲೋಟ ಕುಡಿಸಿಯೇ ಕಳಿಸುತ್ತಿದ್ದಳು. ಅದರಲ್ಲಿ ಬೇಳೆ ಮಾತ್ರ ಬೇಯುತ್ತಿರಲಿಲ್ಲ. ಎಷ್ಟು ಕುದಿಸಿದರೂ ಕಲ್ಲಿನ ಹಾಗೆ ಕೂತಿರುತ್ತಿತ್ತು. ಆಗೆಲ್ಲ ಅಂಗಡಿಯವನ ಜನ್ಮ ಜಾಲಾಡುತ್ತಿದ್ದಳೇ ಹೊರತು ನೀರಿಗೆ ಒಂದು ಮಾತು ಅಂದವಳಲ್ಲ. ಬಚ್ಚಲ ಹಂಡೆಯೊಳಗೆ ಸುಣ್ಣದಂಥ ಬಿಳಿ ಪೊರೆ ಕಟ್ಟಿದರೆ ಅದೂ ಹಂಡೆಯದೇ ತಪ್ಪು.

ಆ ಮನೆಗೆ ಸೊಸೆ ಬಂದಳು. ಬರುವಾಗ ತವರಿನಿಂದ ಒಂದು ಸೀತಾಳೆ ಗಿಡ ತಂದಳು. ಪೇಟೆಯವರು ಆರ್ಕಿಡ್ ಅನ್ನುತ್ತಾರಲ್ಲ, ಅದೇ. ಮಣ್ಣು ಬೇಡದ ಗಿಡ. ತೆಂಗಿನ ನಾರಿನ ಜೊತೆ ಮರದ ತುಂಡಿಗೆ ಕಟ್ಟಿ ಜಗಲಿಯಲ್ಲಿ ತೂಗುಹಾಕಿದರು. ನಮ್ಮ ಕಡೆ ಇದಕ್ಕೆ ಮಳೆನೀರೇ ಹಾಕುವುದು ಎಂದು ಸೊಸೆ ಮೆಲ್ಲಗೆ ಹೇಳಿದಳು. ಅತ್ತೆಗೆ ಅದು ಬಾವಿಯನ್ನು ಹಳಿದ ಹಾಗೆ ಕೇಳಿಸಿತು. ಇದೇ ನೀರು ಕುಡಿದು ನಮ್ಮ ದಾಸವಾಳ ಸೂರು ಮುಟ್ಟಿದೆ ಎಂದಳು.

ಅತ್ತೆಗೇನೂ ದ್ವೇಷವಿರಲಿಲ್ಲ. ತವರಿನ ಗಿಡ ಇಲ್ಲಿ ಹೂ ಬಿಟ್ಟರೆ ಸೊಸೆಗೂ ಈ ಮನೆ ಒಗ್ಗುತ್ತದೆ ಎಂಬ ಆಸೆ ಅವಳಿಗೆ. ತಾನೇ ಕೈಯಾರೆ ಬಾವಿಯ ನೀರು ಚಿಮುಕಿಸಿದಳು. ನಾರಿನ ಮೇಲೆ ಬಿಳಿ ಪೊರೆ ಕಟ್ಟಿತು. ಬೇರಿನ ಹಸಿರು ತುದಿ ಕಪ್ಪಾಯಿತು, ಎಲೆಯಂಚು ಸುಟ್ಟಿತು. ಪಾಪ, ಬಾಯಾರಿರಬೇಕು ಎಂದು ಇನ್ನಷ್ಟು ಹೊಯ್ದಳು. ಗಿಡ ಸೊರಗುತ್ತಾ ಹೋದ ಹಾಗೆ ಸೊಸೆಯ ಮಾತೂ ಕಡಿಮೆಯಾಯಿತು. ಅತ್ತೆಗೆ ಒಳಗೊಳಗೇ ಹೆದರಿಕೆ ಹತ್ತಿತು.

ಕಡೆಗೆ, ಅದು ಸಾಯುವುದನ್ನು ಸೊಸೆ ನೋಡುವುದು ಬೇಡವೆಂದು, ಗಿಡವನ್ನು ಹಿತ್ತಲ ಪೇರಲೆ ಮರಕ್ಕೆ ಸಿಕ್ಕಿಸಿ ಬಂದಳು. ಮಳೆ ಹಿಡಿಯಿತು. ಮಳೆ ಬಿಟ್ಟು ಹೊಳವಾದ ಒಂದು ದಿನ ಎಸೆಯಲೆಂದು ಹೋದರೆ ಏನು ನೋಡುತ್ತಾಳೆ, ನಾರು ತೊಳೆದ ಹಾಗೆ ಶುಭ್ರವಾಗಿದೆ, ಬೇರಿಗೆ ಮತ್ತೆ ಹಸಿರು ತುದಿ ಬಂದಿದೆ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಮುಂದಿನ ಮಳೆಗೆ ಸೂರಿನ ಕೆಳಗೆ ಹಂಡೆಯಿಟ್ಟು ನೀರು ಹಿಡಿದಳು. ಅದರಲ್ಲೇ ಬೇಳೆಯನ್ನೂ ಬೇಯಿಸಿದಳು. ಬೆಣ್ಣೆಯ ಹಾಗೆ ಬೆಂದಿತು. ಅಂಗಡಿಯವನು ಬದುಕಿಕೊಂಡ.

ಅಂದು ಊಟಕ್ಕೆ ಬಡಿಸುತ್ತಾ ಅತ್ತೆ ಕೇಳಿದಳು: "ತವರಿನಲ್ಲಿ ನಿನಗೆ ಇನ್ನೇನೇನು ರೂಢಿಯಿತ್ತು, ಹೇಳು ಮಗಳೇ."

ಸೊಸೆ ಹೇಳತೊಡಗಿದವಳು ಉಂಡ ಕೈ ಒಣಗುವವರೆಗೂ ಹೇಳಿದಳು. ಮರುವರ್ಷ ಸೀತಾಳೆ ಜಗಲಿಯಲ್ಲೇ ಹೂ ಬಿಟ್ಟಿತು.

ಗುರುಗಳು ಕತೆ ನಿಲ್ಲಿಸಿದರು. ತ್ರಿವಿಕ್ರಮನಿಗೆ ಬಾವಿಯನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಆದರೂ ಗುರುಗಳೇ, ಅದೇ ನೀರಿನಲ್ಲಿ ದಾಸವಾಳ ಸೂರು ಮುಟ್ಟಿತ್ತಲ್ಲ?" ಎಂದ.

ಗುರುಗಳು ನಕ್ಕರು.

"ಮುಟ್ಟಿತ್ತಪ್ಪ, ದಾಸವಾಳ ಯಾವ ನೀರು ಹೊಯ್ದರೂ ಬೆಳೆಯುತ್ತದೆ, ನೀನೂ ಹಾಗೆಯೇ ಬೆಳೆದೆ."