ದೊಡ್ಡ ಡಿಸ್ಕಿನ ಮೊದಲ ಮನೆ

ಹವಾಮಾನ ಕಚೇರಿಯ ಹಳೆಯ ಮಿನಿಕಂಪ್ಯೂಟರಿಗೆ ಹೊಸ ಹಾರ್ಡ್‌ಡಿಸ್ಕ್ ಹಾಕಿದರು. ನಲವತ್ತು ವರ್ಷದ ಮಳೆಯ ದಾಖಲೆಯನ್ನೆಲ್ಲ ಅದರೊಳಗೆ ಇಳಿಸಿದ್ದೂ ಆಯಿತು.

“ತಮ್ಮಾ, ದಾಖಲೆ ಇಡುವ ನಿನ್ನೊಳಗಿನ ಮನೆಗಳನ್ನು ಅರವತ್ತೈದು ಸಾವಿರದವರೆಗೆ ಮಾತ್ರ ಎಣಿಸಬಲ್ಲೆ. ಅದು ದಾಟಿದರೆ ನನ್ನ ಎಣಿಕೆ ಮತ್ತೆ ಮೊದಲ ಮನೆಗೇ ಬರುತ್ತದೆ. ಅಷ್ಟನ್ನು ಮಾತ್ರ ತೋರಿಸಿ, ಉಳಿದದ್ದಕ್ಕೆ ಬೀಗ ಹಾಕು; ಅಷ್ಟು ತುಂಬಿದೊಡನೆ ಬರೆಯುವುದನ್ನು ನಿಲ್ಲಿಸುತ್ತೇನೆ,” ಎಂದಿತು ಕಂಪ್ಯೂಟರ್.

ಡಿಸ್ಕಿಗೆ ಮೈಯೆಲ್ಲ ಉರಿಯಿತು. “ನನ್ನಲ್ಲಿ ಹತ್ತು ಲಕ್ಷ ಮನೆಗಳಿವೆ. ನಿಮ್ಮ ದಡ್ಡತನಕ್ಕೆ ನಾನೇಕೆ ಕುಗ್ಗಲಿ? ಇರುವಷ್ಟನ್ನೂ ಹೇಳಿಯೇ ಹೇಳುತ್ತೇನೆ.”

ಇಂಜಿನಿಯರ್ ನಾಗವೇಣಿಯವರಿಗೆ ಹಾಗೆಯೇ ಹೇಳಿತು. ಅವರು ಅದನ್ನೇ ನಂಬಿ, ದಾಖಲೆ ಮೊದಲಿದ್ದ ಹಳೆಯ ಪುಟ್ಟ ಡಿಸ್ಕನ್ನು ಅಳಿಸಿ ಗುಜರಿಗೆ ಕಳಿಸಿದರು.

ದಿನದಿನದ ಮಳೆ ಸೇರುತ್ತ ಹೋಗಿ, ಆಷಾಢದ ಒಂದು ಬೆಳಿಗ್ಗೆ ಕಂಪ್ಯೂಟರಿನ ಎಣಿಕೆ ಮುಗಿಯಿತು. ಅಂದಿನ ಮಳೆ ಮೊದಲ ಮನೆಯಲ್ಲಿ ದಾಖಲಾಯಿತು. ಯಾವ ವರ್ಷದ ಮಳೆ ಯಾವ ಮನೆಯಲ್ಲಿದೆ ಎಂಬ ಪಟ್ಟಿ ಇದ್ದದ್ದು ಅಲ್ಲೇ. ಅದು ಅಳಿಸಿಹೋಯಿತು.

“ಒಂಬತ್ತು ಲಕ್ಷ ಮನೆ ಖಾಲಿ ಬಿದ್ದಿರುವಾಗ ಪಟ್ಟಿಯ ಮೇಲೆಯೇ ಬರೆದಿರಾ?” ಎಂದು ಡಿಸ್ಕು ಅಬ್ಬರಿಸಿತು.

ಕಂಪ್ಯೂಟರ್ ಕೆಂಡವಾಯಿತು. “ನನ್ನ ಮಿತಿಯನ್ನು ನಾನೇ ಬಾಯಿಬಿಟ್ಟು ಹೇಳಿದ್ದೆ. ಅದು ನಿನಗೆ ಅವಮಾನವಾಗಿ ಕೇಳಿಸಿತು. ನಲವತ್ತು ವರ್ಷದ ಮಳೆ ಈಗಲೂ ನಿನ್ನ ಹೊಟ್ಟೆಯಲ್ಲೇ ಇದೆಯಲ್ಲ, ಪಟ್ಟಿಯಿಲ್ಲದೆ ಯಾವುದಾದರೂ ಒಂದು ದಿನದ್ದು ಹುಡುಕಿ ತೆಗೆದುಕೊಡು ನೋಡೋಣ.”

ಡಿಸ್ಕು ತಿರುಗಿತು. ನಾಗವೇಣಿ ಕಾಯುತ್ತ ನಿಂತರು. ಡಿಸ್ಕು ತಿರುಗುತ್ತಲೇ ಇತ್ತು.