ಸುಣ್ಣ ಬಳಿದ ಬೆನ್ನು

ಒಂದಾನೊಂದು ಕಾಲದಲ್ಲಿ ಏಳು ಸುತ್ತಿನ ಕೋಟೆಯ ಒಂದು ಊರಿತ್ತಂತೆ. ಆ ಊರಿಗೊಬ್ಬ ದೊರೆ, ದೊರೆಗೊಬ್ಬ ದಳವಾಯಿ, ದಳವಾಯಿಯ ಕೈಕೆಳಗೆ ಸಾವಿರ ಕುದುರೆ. ಸಾವಿರ ಕುದುರೆಗೆ ಮದ್ದು ಅರೆಯುವವಳು ಮಾತ್ರ ಒಬ್ಬಳೇ, ದುರುಗವ್ವ. ಅವಳ ಗಂಡ ಬೊಮ್ಮಣ್ಣ ಅದೇ ದಂಡಿನಲ್ಲಿ ರಾವುತ. ಅವನ ಹೆಣ್ಣುಕುದುರೆಯ ಹೆಸರು ಕೆಂಪಿ.

ದಂಡು ಆರು ತಿಂಗಳು ಯುದ್ಧ ಮಾಡಿ ಗೆದ್ದು ಬಂತಂತೆ. ಗೆದ್ದವರು ಕುಣಿದರು, ಕುದುರೆಗಳು ಕುಣಿಯಲಿಲ್ಲ. ಜೀನು ಉಜ್ಜಿ ಉಜ್ಜಿ ಒಂದೊಂದರ ಬೆನ್ನೂ ಹುಣ್ಣಾಗಿತ್ತು. ಆ ರಾಜ್ಯದಲ್ಲಿ ಹಿರಿಯರು ಮಾಡಿದ ಒಂದು ಕಟ್ಟಳೆ ಇತ್ತು. ಯುದ್ಧದಿಂದ ಬಂದ ದಂಡು ಚೇತರಿಸಿಕೊಂಡಿದೆ ಅಂತ ದೊರೆ ತಾನೇ ನೋಡಿ ಒಪ್ಪುವ ತನಕ ಅದು ಮತ್ತೆ ಯುದ್ಧಕ್ಕೆ ಹೊರಡುವಂತಿಲ್ಲ.

ದೊರೆ ಕೇಳಿದನಂತೆ, "ದಳವಾಯಿಗಳೇ, ದಂಡನ್ನು ಹೇಗೆ ಸರಿಮಾಡ್ತೀರಿ?"

ದಳವಾಯಿ ಓಲೆ ಬಿಚ್ಚಿ ಓದಿದ. "ಮೊದಲ ತಿಂಗಳು ಮದ್ದು, ಎರಡನೇ ತಿಂಗಳು ಹಸಿ ಹುಲ್ಲು, ಮೂರನೇ ತಿಂಗಳು ಹೊಸ ಲಾಳ, ಮಹಾಸ್ವಾಮಿ."

ದೊರೆಗೆ ಓಲೆ ಬಹಳ ಹಿಡಿಸಿತು. ಓಲೆ ಮೇಯ್ದು ಕುದುರೆ ಕೊಬ್ಬೀತೇ? ಅದನ್ನು ಕೇಳುವವರು ಯಾರೂ ಇರಲಿಲ್ಲ.

ಮೊದಲ ತಿಂಗಳು ಕುದುರೆಗಳು ದಳವಾಯಿಯ ಹೊಸ ಮನೆಗೆ ಕಲ್ಲು ಹೊತ್ತವು. ಎರಡನೇ ತಿಂಗಳೂ ಕಲ್ಲು ಹೊತ್ತವು. ಮೂರನೇ ತಿಂಗಳು ತೊಲೆ ಹೊತ್ತವು. ದುರುಗವ್ವ ಬೆಳಿಗ್ಗೆ ಹಚ್ಚಿದ ಮದ್ದು ಮಧ್ಯಾಹ್ನದ ಹೊತ್ತಿಗೆ ಹೇರಿಗೆ ಒರೆಸಿಹೋಗುತ್ತಿತ್ತು. ತಿಂಗಳಿಗೊಮ್ಮೆ ದೊರೆ ಕೇಳಿದ, ತಿಂಗಳಿಗೊಮ್ಮೆ ದಳವಾಯಿ ಅದೇ ಓಲೆ ಓದಿದ.

ಮೂರು ತಿಂಗಳು ತುಂಬಿದ್ದೇ ತಡ, ದಳವಾಯಿ ಬಂದು ಕೈಮುಗಿದ. "ದಂಡು ಸಜ್ಜಾಗಿದೆ ಮಹಾಸ್ವಾಮಿ. ಹೊಳೆಯಾಚೆಯ ಪಾಳೆಯಗಾರನ ಮೇಲೆ ಹೋಗೋಣ." ಆ ಸೀಮೆ ಗೆದ್ದರೆ ದಳವಾಯಿಗೇ ಉಂಬಳಿ ಅಂತ ಮಾತಾಗಿತ್ತಂತೆ.

ದೊರೆ ದುರುಗವ್ವನನ್ನು ಕರೆಸಿದ. "ಬೆನ್ನಿನ ಹುಣ್ಣು ವಾಸಿಯಾದದ್ದು ಹೇಗೆ ತಿಳಿಯುತ್ತೆ?"

"ಮಾಗಿದ ಜಾಗದಾಗೆ ಹುಟ್ಟೋ ಕೂದಲು ಬೆಳ್ಳಗಿರ್ತಾವೆ ಬುದ್ಧಿ. ಕೆಂಪು ಕುದುರೆಗಾದ್ರೂ ಅಷ್ಟೇ, ಕರಿ ಕುದುರೆಗಾದ್ರೂ ಅಷ್ಟೇ. ಬಿಳಿ ಮಚ್ಚೆ ಇಲ್ಲ ಅಂದ್ರೆ ಮಾಗಿಲ್ಲ ಅಂತಾನೇ ತಿಳ್ಕೊಳ್ಳಿ."

ದಳವಾಯಿ ಪಕ್ಕದಲ್ಲೇ ನಿಂತಿದ್ದ. ಅವನ ಎದುರೇ ಗುಟ್ಟು ಹೇಳಿಬಿಟ್ಟಳಲ್ಲ, ಪುಣ್ಯಾತ್ಗಿತ್ತಿ!

"ನಾಡಿದ್ದು ನೋಡ್ತೀನಿ" ಅಂದ ದೊರೆ.

ನಾಡಿದ್ದು ಬಂತು. ದೊರೆ ಉಪ್ಪರಿಗೆ ಹತ್ತಿ ಕೂತ. ಕೆಳಗೆ ಸಾವಿರ ಕುದುರೆ ಸಾಲಾಗಿ ನಿಂತಿದ್ದವು, ಸಾವಿರ ಬೆನ್ನ ಮೇಲೆ ಸಾವಿರ ಬಿಳಿ ಮಚ್ಚೆ. ದುರುಗವ್ವ ಸಾಲಿನ ಹತ್ತಿರ ಬಂದಳು. ಮೊನ್ನೆ ತಾನೇ ಕೀವು ಒರೆಸಿದ ಬೆನ್ನುಗಳವು. ಗಾಳಿ ಬೀಸಿದಾಗ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು.

"ಬುದ್ಧಿ, ಕೆಳಗಿಳಿದು ಮುಟ್ಟಿ ನೋಡ್ರಿ!" ಅಂತ ಕೂಗಿದಳು.

ದೊರೆ ಮುಖ ಗಂಟಿಕ್ಕಿದ. "ಬಿಳಿ ಮಚ್ಚೆ ಅಂದವಳು ನೀನೇ. ಅದು ಇಲ್ಲಿಗೇ ಕಾಣ್ತಿದೆ. ಗಂಡ ದಂಡಿಗೆ ಹೋಗ್ತಾನೆ ಅಂತ ಈಗ ಮಾತು ತಿರುಗಿಸ್ತೀಯಾ?"

ದುರುಗವ್ವನಿಗೆ ಗಂಡನ ಚಿಂತೆ ಇದ್ದದ್ದು ಸುಳ್ಳಲ್ಲ. ಅದಕ್ಕೇ ಅವಳು ಹಿಂದೆ ಸರಿದಳು. ದೊರೆ ಒಪ್ಪಿಗೆಯ ವೀಳ್ಯ ಕೊಟ್ಟ.

ಮನೆಗೆ ಬಂದು ಗಂಡನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಸುಣ್ಣ.

"ಕೆಂಪಿಗೂ ಬಳಿದ್ರಾ?"

"ಬಳಿದೆ ಕಣೇ. ಬಾಯಿಬಿಟ್ಟವನ ತಲೆ ಇರಲ್ಲ ಅಂದ ದಳವಾಯಿ. ನಾನು ಬಳೀತಿದ್ರೆ ಕೆಂಪಿ ತಿರುಗಿ ನನ್ನ ತೋಳು ಮೂಸ್ತು. ಕಚ್ಚಿದ್ರೂ ತಡಕೋಬಹುದಿತ್ತು."

ದುರುಗವ್ವ ಎಣ್ಣೆ ತಂದು ಅವನ ಕೈ ತೊಳೆದಳು. ಅತ್ತರೆ ಅಪಶಕುನವೆಂದು ಅಳಲಿಲ್ಲ.

ಏಳು ಹಗಲು ನಡೆದು ದಂಡು ಹೊಳೆಗೆ ಇಳಿಯಿತಂತೆ. ನಡುಹೊಳೆಯಲ್ಲಿ ಜೀನಿನ ಮಟ್ಟಕ್ಕೆ ನೀರು ಬಂತು. ನೀರು ತಾಗಿ ಸುಣ್ಣ ಕರಗಿತು, ಹಸಿ ಹುಣ್ಣಿನೊಳಗೆ ಬೆಂಕಿಯಂತೆ ಇಳಿಯಿತು. ಸಾವಿರ ಕುದುರೆ ಒಟ್ಟಿಗೆ ಕೆನೆದವು, ಒಟ್ಟಿಗೆ ಹಿಂಗಾಲಿನ ಮೇಲೆ ಎದ್ದವು. ರಾವುತರು ಕಬ್ಬಿಣದ ಅಂಗಿ ತೊಟ್ಟಿದ್ದರು. ಬಿದ್ದವರು ಏಳಲಿಲ್ಲ. ಆಚೆ ದಡದ ಪಾಳೆಯಗಾರ ಒಂದು ಬಾಣವನ್ನೂ ಬಿಡಬೇಕಾಗಲಿಲ್ಲವಂತೆ.

ಮೊದಲು ಮರಳಿದವನು ದಳವಾಯಿ. ದೊರೆಯ ಮುಂದೆ ಎದೆ ಬಡಿದುಕೊಂಡ, "ಹೊಳೆ ಮುನಿಯಿತು ಮಹಾಸ್ವಾಮಿ, ದೈವ ಕೈಬಿಟ್ಟಿತು!"

ಮೂರು ದಿನ ಕಳೆದು ಕೆಂಪಿ ಬಂತು. ಜೀನಿಲ್ಲ, ರಾವುತನಿಲ್ಲ. ಮನೆಯ ಮುಂದೆ ಬಂದು ತಲೆ ತಗ್ಗಿಸಿ ನಿಂತಿತು. ದುರುಗವ್ವ ಬಳೆ ಒಡೆದುಕೊಳ್ಳಲಿಲ್ಲ, ಗೋಳಿಡಲಿಲ್ಲ. ಕೆಂಪಿಯ ಹಗ್ಗ ಹಿಡಿದು ನೆಟ್ಟಗೆ ಅರಮನೆಯ ಅಂಗಳಕ್ಕೆ ನಡೆದಳು.

"ಈಗಲಾದ್ರೂ ಇಳಿದು ಬಂದು ಮುಟ್ಟು ದೊರೆ."

ದೊರೆ ಉಪ್ಪರಿಗೆಯಿಂದ ಇಳಿದ. ಕೆಂಪಿಯ ಬೆನ್ನ ಮೇಲೆ ಅಂಗೈ ಇಟ್ಟ. ಕೈಗೆ ಕೀವು ಹತ್ತಿತು, ರಕ್ತ ಹತ್ತಿತು, ಗಟ್ಟಿಯಾದ ಸುಣ್ಣದ ಚೂರು ಹತ್ತಿತು. ಆಮೇಲೆ ದಳವಾಯಿಯ ಕುದುರೆಯ ಬೆನ್ನು ಮುಟ್ಟಿದ. ರೇಷ್ಮೆಯಂತಿತ್ತು. ಆ ಕುದುರೆ ಕಲ್ಲು ಹೊತ್ತಿರಲಿಲ್ಲ.

ದೊರೆ ದಳವಾಯಿಯ ಬೆನ್ನಿಗೆ ಜೀನು ಬಿಗಿಸಿ, ಅದರ ಮೇಲೆ ಅವನದೇ ಮನೆಯ ಕಲ್ಲು ಹೇರಿಸಿ, ಗಡಿಯಾಚೆಗೆ ಅಟ್ಟಿಸಿದನಂತೆ. ಆಮೇಲೆ ದುರುಗವ್ವನ ಮುಂದೆ ನಿಂತು, "ತಪ್ಪಾಯ್ತು ತಾಯಿ, ಏನು ಬೇಕು ಕೇಳು" ಅಂದ.

"ನಂದೂ ತಪ್ಪೇ. ಕಳ್ಳನ ಎದುರಿಗೇ ಬೀಗದ ಗುಟ್ಟು ಹೇಳಿದೆ. ನಿಂದು ದೊಡ್ಡ ತಪ್ಪು, ದೂರ ಕೂತು ನೋಡಿದೆ. ನನ್ನ ಗಂಡನ್ನ ಕೊಡೋಕೆ ನಿನ್ನ ಕೈಲಾಗಲ್ಲ. ಇನ್ನು ಮುಂದೆ ದಂಡು ಹೊರಡೋ ಮೊದಲು ಒಂದೊಂದು ಬೆನ್ನೂ ನೀನೇ ಮುಟ್ಟು. ಒಂದು ಸಲ ಅಂಗೈ ಒದ್ದೆಯಾದ್ರೂ ಯುದ್ಧ ಇಲ್ಲ."

ಅಂದಿನಿಂದ ಅದೇ ಕಟ್ಟಳೆಯಾಯಿತಂತೆ. ಕೆಂಪಿಯ ಬೆನ್ನಿಗೆ ದುರುಗವ್ವ ದಿನವೂ ಮದ್ದು ಹಚ್ಚಿದಳು. ಮೂರು ಅಮಾವಾಸ್ಯೆ ಕಳೆದ ಮೇಲೆ ಅಲ್ಲಿ ಬಿಳಿ ಕೂದಲು ಮೂಡಿತು, ನಿಜದ್ದು. ಮುಟ್ಟಿ ನೋಡಿದಳು, ಅಂಗೈ ಒಣಗಿತ್ತು. ಆ ದಿನ ಕೆಂಪಿಯ ಕೊರಳಿಗೆ ಹಣೆಯಾನಿಸಿ, ತಡೆದಿಟ್ಟ ಅಳುವನ್ನೆಲ್ಲ ಅತ್ತಳಂತೆ.

ಅವರ ಕತೆ ಅಲ್ಲಿಗೆ, ನಾವು ನೀವು ಇಲ್ಲಿಗೆ. ಹೇಳಿದವರ ಬಾಯಿ ತಣ್ಣಗಿರಲಿ, ಕೇಳಿದವರ ಅಂಗೈ ಒಣಗಿರಲಿ.